ಬಿಡುವ ಮೊದಲು ಸೋಸಬೇಕು



ಈ ಪುಟಗಳಲ್ಲಿ ನಾನು ಸಾಮಾನ್ಯವಾಗಿ ಶಾಲೆಯ ನೆನಪುಗಳನ್ನೋ ಊರಿನ ಹಿರಿಯರ ಮಾತುಗಳನ್ನೋ ಬರೆಯುತ್ತ ಬಂದಿದ್ದೇನೆ. ಇಂದಿನ ವಿಷಯ ಸ್ವಲ್ಪ ಬೇರೆ. ಡಿಜಿಟಲ್ ಸಿಗ್ನಲ್ ಪ್ರೊಸೆಸಿಂಗ್ ಎಂಬ ಎಂಜಿನಿಯರಿಂಗ್ ಶಾಖೆಯಲ್ಲಿ ಡೆಸಿಮೇಷನ್ ಫಿಲ್ಟರ್ ಎಂಬುದೊಂದು ಪಾಠವಿದೆ. ಹೆಸರು ಕೇಳಿಯೇ ಹಲವರು ಮುಂದೆ ಓದದೆ ಬಿಡುವ ಸಂಭವವುಂಟು. ಹಾಗೆ ಮಾಡಬೇಡಿರೆಂದು ಕೋರುತ್ತೇನೆ. ಏಕೆಂದರೆ ಈ ಪಾಠದ ತಿರುಳು ನಿಮ್ಮ ಮನೆಯ ಗೋಡೆಯ ಮೇಲೆ, ಕರೆಂಟಿನ ಮೀಟರಿನಲ್ಲಿ, ಪ್ರತಿದಿನ ತಿರುಗುತ್ತಿದೆ. ಅದನ್ನು ನಮ್ಮ ದೇವದುರ್ಗದ ಅಥವಾ ಮಾನ್ವಿಯ ಹುಡುಗನೊಬ್ಬನಿಗೆ ಕನ್ನಡದಲ್ಲಿ ತಿಳಿಸಿ ಹೇಳಲು ಒಂದು ತರಗತಿಯ ಅವಧಿ ಸಾಕು. ಹಾಗಿದ್ದೂ ಆತ ಎಂಜಿನಿಯರಿಂಗ್ ಕಾಲೇಜಿನಲ್ಲಿ ಇದೇ ಪಾಠದ ಮುಂದೆ ಕೈಚೆಲ್ಲಿ ಕೂರುತ್ತಾನೆ. ಹೀಗಾಗಬಾರದು ಎಂಬುದೇ ಈ ಬರಹದ ಉದ್ದೇಶ.

ಮೊದಲು ಪದದ ಅರ್ಥವನ್ನು ನೋಡೋಣ. ಡೆಸಿಮೇಷನ್ ಎಂಬುದು ಲ್ಯಾಟಿನ್ ಮೂಲದ ಮಾತು. ಪ್ರಾಚೀನ ರೋಮಿನ ಸೈನ್ಯದಲ್ಲಿ ದಂಗೆಯೆದ್ದ ಅಥವಾ ಹೇಡಿತನ ತೋರಿದ ತುಕಡಿಯಲ್ಲಿ ಹತ್ತು ಜನರಿಗೊಬ್ಬನಂತೆ ಚೀಟಿಯೆತ್ತಿ ಕೊಲ್ಲಿಸುವ ಕ್ರೂರ ಶಿಕ್ಷೆಗೆ ಆ ಹೆಸರಿತ್ತು. ಎಂಜಿನಿಯರುಗಳು ಆ ಪದವನ್ನು ತೆಗೆದುಕೊಂಡು ಅದರ ಅರ್ಥವನ್ನು ತಿರುವಿದರು. ಅವರಲ್ಲಿ ಹತ್ತರಲ್ಲಿ ಒಂದು ಸಾಯುವುದಿಲ್ಲ, ಹತ್ತರಲ್ಲಿ ಒಂದು ಉಳಿಯುತ್ತದೆ. ಧ್ವನಿಯನ್ನೋ ವಿದ್ಯುತ್ ಪ್ರವಾಹವನ್ನೋ ಅಂಕಿಗಳನ್ನಾಗಿ ಮಾಡಿ ಸೆಕೆಂಡಿಗೆ ಲಕ್ಷಗಟ್ಟಲೆ ಅಳತೆಗಳನ್ನು ತೆಗೆದ ಮೇಲೆ, ಅಷ್ಟೂ ಅಳತೆಗಳು ಬೇಕಾಗಿಲ್ಲವೆಂದು ಕಂಡುಬಂದರೆ, ಹತ್ತಕ್ಕೆ ಒಂದನ್ನೋ ಅರವತ್ತನಾಲ್ಕಕ್ಕೆ ಒಂದನ್ನೋ ಇಟ್ಟುಕೊಂಡು ಉಳಿದವನ್ನು ಬಿಡುವುದಕ್ಕೆ ಈ ಹೆಸರು. ಕನ್ನಡದಲ್ಲಿ ‘ದರ ಇಳಿಸುವುದು’ ಎನ್ನಬಹುದು. ಡೆಸಿಮೇಷನ್ ಎಂದೇ ಇಟ್ಟುಕೊಂಡರೂ ನನ್ನ ತಕರಾರಿಲ್ಲ. ಬಸ್ಸು, ಕಾರು, ಮೀಟರುಗಳನ್ನು ಒಳಗೆ ಬಿಟ್ಟುಕೊಂಡ ಭಾಷೆಗೆ ಇನ್ನೊಂದು ಪದ ಭಾರವಾಗದು.

ಬಿಡುವುದೆಂದರೆ ಸುಲಭದ ಕೆಲಸವೆಂದು ತೋರುತ್ತದೆ. ಹತ್ತನೆಯದನ್ನು ಇಟ್ಟುಕೊ, ಒಂಬತ್ತನ್ನು ಎಸೆ. ಇದರಲ್ಲಿ ವಿದ್ಯೆಯೇನು ಬಂತು? ವಿದ್ಯೆ ಇರುವುದು ಇಲ್ಲಿಯೇ. ಸೋಸದೆ ಬಿಟ್ಟರೆ ಉಳಿದದ್ದು ಸುಳ್ಳು ಹೇಳುತ್ತದೆ.

ಇದಕ್ಕೆ ನಮ್ಮ ಕಡೆಯ ಉದಾಹರಣೆಯನ್ನೇ ಕೊಡುತ್ತೇನೆ. ಮಾನ್ವಿ ಸೀಮೆಗೆ ತುಂಗಭದ್ರಾ ಎಡದಂಡೆ ಕಾಲುವೆ, ದೇವದುರ್ಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆ. ಎಡದಂಡೆಯ ಕೊನೆಯ ಭಾಗದ ರೈತರ ದೂರು ಎಷ್ಟು ಹಳೆಯದೆಂಬುದು ಓದುಗರಿಗೆ ಗೊತ್ತಿದೆ. ಒಂದು ಕಾಲುವೆಯ ನೀರಿನ ಮಟ್ಟ ದಿನಕ್ಕೊಮ್ಮೆ ಏರಿ ಇಳಿಯುತ್ತದೆ ಎಂದಿಟ್ಟುಕೊಳ್ಳಿ. ಮೇಲ್ಭಾಗದಲ್ಲಿ ರಾತ್ರಿ ಪಂಪು ಹಚ್ಚುತ್ತಾರೆ, ಮಟ್ಟ ಇಳಿಯುತ್ತದೆ. ಬೆಳಿಗ್ಗೆ ನಿಲ್ಲಿಸುತ್ತಾರೆ, ಏರುತ್ತದೆ. ದಿನವೂ ಮಧ್ಯಾಹ್ನ 12 ಗಂಟೆಗೆ ಗೇಜಿನ ಕಲ್ಲನ್ನು ನೋಡಿ ಅಂಕಿ ಬರೆದುಕೊಳ್ಳುವವನ ಪುಸ್ತಕದಲ್ಲಿ ಏನಿರುತ್ತದೆ? ತಿಂಗಳಿಡೀ ಒಂದೇ ಅಂಕಿ. ಪುಸ್ತಕದ ಪ್ರಕಾರ ಕಾಲುವೆಯಲ್ಲಿ ಏರಿಳಿತವೇ ಇಲ್ಲ. ಬರೆದವನು ಸುಳ್ಳು ಬರೆದಿಲ್ಲ, ಕಣ್ಣಾರೆ ಕಂಡದ್ದನ್ನೇ ಬರೆದಿದ್ದಾನೆ. ಆದರೂ ಪುಸ್ತಕ ಸುಳ್ಳು.

ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ಆತ 24 ಗಂಟೆಗೊಮ್ಮೆ ನೋಡುವ ಬದಲು 23 ಗಂಟೆಗೊಮ್ಮೆ ನೋಡಿದನೆನ್ನಿ. ಪ್ರತಿ ಸಲವೂ ಒಂದು ಗಂಟೆ ಮುಂಚಿತವಾಗಿ ನೋಡಿದಂತಾಯಿತು. 24 ಸಲ ನೋಡುವಷ್ಟರಲ್ಲಿ ದಿನದ ಎಲ್ಲ ಗಂಟೆಗಳನ್ನೂ ಹಿಂದುಮುಂದಾಗಿ ಒಂದು ಸುತ್ತು ನೋಡಿ ಮುಗಿಸುತ್ತಾನೆ. 24 ಸಲ ಎಂದರೆ 552 ಗಂಟೆ, ಅಂದರೆ 23 ದಿನ. ಈಗ ಅವನ ಪುಸ್ತಕದಲ್ಲಿ 23 ದಿನಕ್ಕೊಮ್ಮೆ ನಿಧಾನವಾಗಿ ಏರಿ ಇಳಿಯುವ ಚಂದದ ಅಲೆಯೊಂದು ಕಾಣಿಸುತ್ತದೆ. ಅಂತಹ ಅಲೆ ಕಾಲುವೆಯಲ್ಲಿ ಎಂದೂ ಇರಲಿಲ್ಲ. ದಿನದ ಅಲೆಯೇ ವೇಷ ಮರೆಸಿಕೊಂಡು ಬೇರೊಂದು ಹೆಸರಿನಲ್ಲಿ ಬಂದು ಕುಳಿತಿದೆ. ಎಂಜಿನಿಯರುಗಳು ಇದನ್ನು ಅಲಿಯಾಸಿಂಗ್ ಎನ್ನುತ್ತಾರೆ. ಪೊಲೀಸ್ ಠಾಣೆಯ ಕಾಗದಗಳಲ್ಲಿ ಇಂಥವನು ‘ಅಲಿಯಾಸ್’ ಇಂಥವನು ಎಂದು ಬರೆಯುತ್ತಾರಲ್ಲ, ಅದೇ ಅಲಿಯಾಸ್. ಟೆಂಟಿನ ಸಿನಿಮಾದಲ್ಲಿ ಮುಂದೋಡುವ ಬಂಡಿಯ ಚಕ್ರ ಹಿಂದಕ್ಕೆ ತಿರುಗಿದಂತೆ ಕಂಡದ್ದನ್ನು ನನ್ನ ಓರಗೆಯವರೆಲ್ಲ ನೋಡಿದ್ದಾರೆ. ಅದೂ ಇದೇ.

ಈ ಮೋಸದಿಂದ ಪಾರಾಗುವ ನಿಯಮ ಹಳೆಯದು. ಅಮೆರಿಕದ ಬೆಲ್ ಸಂಸ್ಥೆಯಲ್ಲಿದ್ದ ಹ್ಯಾರಿ ನೈಕ್ವಿಸ್ಟ್ 1928ರಲ್ಲಿಯೂ ಕ್ಲಾಡ್ ಶ್ಯಾನನ್ 1949ರಲ್ಲಿಯೂ ಪ್ರಕಟಿಸಿದ ಲೇಖನಗಳಿಂದ ಅದು ಪ್ರಸಿದ್ಧವಾಯಿತು. ಒಂದು ಏರಿಳಿತವನ್ನು ನಿಜವಾಗಿ ಹಿಡಿಯಬೇಕಾದರೆ ಅದರ ಒಂದು ಸುತ್ತಿಗೆ ಎರಡಕ್ಕಿಂತ ಹೆಚ್ಚು ಅಳತೆಗಳು ಬೇಕು. ಆದ್ದರಿಂದ ಅಳತೆಗಳನ್ನು ಕಡಿಮೆ ಮಾಡುವ ಮೊದಲು, ಕಡಿಮೆಯಾದ ಅಳತೆಗಳಲ್ಲಿ ಹಿಡಿಸದ ವೇಗದ ಏರಿಳಿತಗಳನ್ನು ತೆಗೆದುಹಾಕಬೇಕು. ಗೇಜಿನ ಉದಾಹರಣೆಯಲ್ಲಿ ಹೇಳುವುದಾದರೆ, ಮಧ್ಯಾಹ್ನದ ಒಂದೇ ಅಂಕಿಯ ಬದಲು ಗಂಟೆಗೊಂದರಂತೆ 24 ಅಂಕಿಗಳನ್ನು ಕೂಡಿ ಸರಾಸರಿ ತೆಗೆದು ಆ ಒಂದನ್ನು ಬರೆದುಕೊಳ್ಳಬೇಕು. ಆಗಲೂ ದಿನಕ್ಕೆ ಒಂದೇ ಅಂಕಿ. ಆದರೆ ಅದು ನಂಬಬಹುದಾದ ಅಂಕಿ. ಹೀಗೆ ಬಿಡುವ ಮೊದಲು ಸೋಸುವ ಸಾಧನವೇ ಡೆಸಿಮೇಷನ್ ಫಿಲ್ಟರ್. ಕಣದಲ್ಲಿ ರಾಶಿಯನ್ನು ತೂರಿ, ಸಾಣಿಗೆ ಹಿಡಿದು, ಆಮೇಲೆ ಚೀಲ ತುಂಬುವ ನಮ್ಮ ರೈತನಿಗೆ ಈ ಕ್ರಮವನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ಇನ್ನು ‘ದಕ್ಷ’ ಎಂಬ ವಿಶೇಷಣಕ್ಕೆ ಬರೋಣ. ಸೋಸುವುದಕ್ಕೂ ಖರ್ಚುಂಟು. ಒಂದೊಂದು ಅಳತೆಯನ್ನೂ ಒಂದೊಂದು ಸಂಖ್ಯೆಯಿಂದ ಗುಣಿಸಿ ಕೂಡುತ್ತ ಹೋಗಬೇಕು. ಗುಣಾಕಾರ ದುಬಾರಿ, ಸಂಕಲನ ಅಗ್ಗ. ಇದು ಮೂರನೆಯ ತರಗತಿಯ ಮಗುವಿಗೆ ಎಷ್ಟು ನಿಜವೋ ಸಿಲಿಕಾನ್ ಚಿಪ್ಪಿಗೂ ಅಷ್ಟೇ ನಿಜ. ಹಾಗಾದರೆ ಗುಣಾಕಾರವನ್ನೇ ಮಾಡದೆ ಸೋಸಲು ಬರುತ್ತದೆಯೇ? ಬರುತ್ತದೆ. ಯೂಜಿನ್ ಹೊಗೆನಾವರ್ ಎಂಬ ಎಂಜಿನಿಯರು 1981ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಇಂತಹ ಫಿಲ್ಟರನ್ನು ವಿವರಿಸಿದರು. ಅದಕ್ಕೆ ಸಿ.ಐ.ಸಿ. ಫಿಲ್ಟರ್ ಎಂದು ಹೆಸರು. ಅದರಲ್ಲಿ ಇರುವುದು ಕೂಡುವುದು ಮತ್ತು ಕಳೆಯುವುದು ಮಾತ್ರ.

ಇದನ್ನು ಮೊದಲು ಓದಿದಾಗ ನನಗೆ ನೆನಪಾದದ್ದು ಮಾನ್ವಿಯ ಪ್ರೌಢಶಾಲೆಯಲ್ಲಿ ಎಂಟನೆಯ ತರಗತಿಗೆ ನಾನು ಕೊಡುತ್ತಿದ್ದ ಮನೆಗೆಲಸ. ಪ್ರತಿಯೊಬ್ಬನೂ ತನ್ನ ಮನೆಯ ಕರೆಂಟ್ ಮೀಟರನ್ನು ನೋಡಿ ಬರೆದುಕೊಂಡು ಬರಬೇಕು. ಮನೆಯಲ್ಲಿ ಮೀಟರಿಲ್ಲದವರು ಪಕ್ಕದ ಮನೆಯದನ್ನು ನೋಡಬೇಕು. ಮೊದಲ ಮೂರು ದಿನ 3, 5, 4 ಯೂನಿಟ್, ಮುಂದಿನ ಮೂರು ದಿನ 6, 2, 7 ಯೂನಿಟ್ ಖರ್ಚಾಯಿತೆನ್ನಿ. ಮೀಟರು ಸುಮ್ಮನೆ ಕೂಡುತ್ತ ಹೋಗುತ್ತದೆ: 3, 8, 12, 18, 20, 27. ಮೂರು ದಿನಕ್ಕೊಮ್ಮೆ ಓದುವವನು 12 ಮತ್ತು 27 ಎಂಬ ಎರಡು ಅಂಕಿಗಳನ್ನು ಮಾತ್ರ ನೋಡುತ್ತಾನೆ. 27ರಲ್ಲಿ 12 ಕಳೆದರೆ 15. ಅದು 6, 2, 7ರ ಮೊತ್ತವೇ. ನಡುವಿನ ಅಂಕಿಗಳನ್ನು ಆತ ನೋಡಲೇ ಇಲ್ಲ, ಆದರೂ ಒಂದೇ ಒಂದು ಯೂನಿಟ್ ತಪ್ಪಿಹೋಗಲಿಲ್ಲ. ಮೀಟರು ಓದುವವನು ತಿಂಗಳಿಗೊಮ್ಮೆ ಬಂದು ಹೋದರೂ ಲೆಕ್ಕ ಸರಿಯಾಗಿರುವ ಗುಟ್ಟು ಇದೇ.

ಸಿ.ಐ.ಸಿ. ಫಿಲ್ಟರಿನ ಕ್ರಮವೂ ಇದೇ. ವೇಗವಾಗಿ ಬರುವ ಅಳತೆಗಳನ್ನು ಕೂಡುತ್ತ ಹೋಗು, ನಿಗದಿತ ಅಂತರಕ್ಕೊಮ್ಮೆ ಮಾತ್ರ ಆ ಮೊತ್ತವನ್ನು ಓದು, ಹಿಂದಿನ ಓದನ್ನು ಅದರಿಂದ ಕಳೆ. ದೊರೆತದ್ದು ನಡುವಿನ ಎಲ್ಲ ಅಳತೆಗಳ ಮೊತ್ತ, ಅಂದರೆ ಸರಾಸರಿಗೆ ಸಮಾನವಾದ ಅಂಕಿ. ಕೂಡುವ ಕೆಲಸ ಮಾತ್ರ ವೇಗದಲ್ಲಿ ನಡೆಯುತ್ತದೆ, ಕಳೆಯುವ ಕೆಲಸ ಬಿಡುವಾಗಿ ನಡೆಯುತ್ತದೆ. ಒಮ್ಮೆ ಸಾಣಿಗೆ ಹಿಡಿದರೆ ಸಾಲದೆಂದು ಕಂಡರೆ ಕೂಡುವ ಹಂತಗಳು ನಾಲ್ಕೈದು, ಕಳೆಯುವ ಹಂತಗಳೂ ಅಷ್ಟೇ.

ನನ್ನ ವಿದ್ಯಾರ್ಥಿಗಳು ಆಗ ಕೇಳುತ್ತಿದ್ದ ಪ್ರಶ್ನೆಯೊಂದಿತ್ತು. “ಸರ, ಮೀಟರು 9999 ಆದ ಮ್ಯಾಲೆ ತಿರುಗಿ ಸೊನ್ನಿಗೆ ಬರ್ತದಲ್ರೀ, ಆವಾಗ ಬಿಲ್ಲು ಹೆಂಗ ಮಾಡ್ತಾರ್ರಿ?” ಬಹಳ ಒಳ್ಳೆಯ ಪ್ರಶ್ನೆ. ಹಿಂದಿನ ಓದು 9970, ಈಗಿನ ಓದು 0045 ಎಂದಿಟ್ಟುಕೊಳ್ಳಿ. 45ಕ್ಕೆ ಹತ್ತು ಸಾವಿರ ಸೇರಿಸಿ 9970 ಕಳೆದರೆ 75. ಮೀಟರು ತುಂಬಿ ಸೊನ್ನೆಗೆ ಬಂದರೂ ವ್ಯತ್ಯಾಸ ಕೆಡುವುದಿಲ್ಲ. ಎರಡು ಓದುಗಳ ನಡುವಿನ ನಿಜವಾದ ಖರ್ಚು ಹತ್ತು ಸಾವಿರಕ್ಕಿಂತ ಕಡಿಮೆಯಿದ್ದರೆ ಸಾಕು. ಸಿ.ಐ.ಸಿ. ಫಿಲ್ಟರಿನಲ್ಲಿಯೂ ಕೂಡುವ ಪೆಟ್ಟಿಗೆ ಪದೇ ಪದೇ ತುಂಬಿ ಮಗುಚಿಕೊಳ್ಳುತ್ತದೆ. ಕೊನೆಯ ಉತ್ತರ ಹಿಡಿಸುವಷ್ಟು ಅಗಲ ಪೆಟ್ಟಿಗೆಗೆ ಇದ್ದರೆ ಆ ಮಗುಚುವಿಕೆಯಿಂದ ಹಾನಿಯಿಲ್ಲ. ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಬಹಳವಾಗಿ ಗೊಂದಲಗೊಳಿಸುವ ಈ ಅಂಶಕ್ಕೆ ಬೇಕಾದ ಪ್ರಶ್ನೆಯನ್ನು ಎಂಟನೆಯ ತರಗತಿಯ ಹುಡುಗ ತಾನಾಗಿಯೇ ಕೇಳಿದ್ದ ಎಂಬುದನ್ನು ಓದುಗರು ಗಮನಿಸಬೇಕು.

ಸ್ವಾರಸ್ಯವೇನೆಂದರೆ, ಹಳೆಯ ಚಕ್ರದ ಮೀಟರು ಹೋಗಿ ಎಲೆಕ್ಟ್ರಾನಿಕ್ ಮೀಟರು ಬಂದ ಮೇಲೆ ಈ ಹೋಲಿಕೆ ಬರಿಯ ಹೋಲಿಕೆಯಾಗಿ ಉಳಿದಿಲ್ಲ. ಅನೇಕ ಎಲೆಕ್ಟ್ರಾನಿಕ್ ಮೀಟರುಗಳಲ್ಲಿ ಸಿಗ್ಮಾ-ಡೆಲ್ಟಾ ಎಂಬ ಬಗೆಯ ಪರಿವರ್ತಕವಿರುತ್ತದೆ. ಅದು ಸೆಕೆಂಡಿಗೆ ಲಕ್ಷಾಂತರ ಬಾರಿ ‘ಹೌದು’ ಅಥವಾ ‘ಅಲ್ಲ’ ಎಂಬಷ್ಟೇ ಒರಟಾದ ಉತ್ತರ ಕೊಡುತ್ತದೆ. ಒಂದೊಂದು ಉತ್ತರವೂ ಒರಟು, ಆದರೆ ಅವುಗಳ ಸಾಲು ಸತ್ಯವನ್ನು ಹೊತ್ತಿರುತ್ತದೆ. ತಪ್ಪಿನ ಹೆಚ್ಚಿನ ಭಾಗವನ್ನು ಆ ಪರಿವರ್ತಕ ವೇಗದ ಏರಿಳಿತಗಳ ಕಡೆಗೆ ತಳ್ಳಿರುತ್ತದೆ, ಕಾಳಿನಿಂದ ಹೊಟ್ಟನ್ನು ಗಾಳಿಯ ದಿಕ್ಕಿಗೆ ತೂರಿದ ಹಾಗೆ. ಆ ಹೊಟ್ಟನ್ನು ತೆಗೆದು ಕಾಳನ್ನು ಉಳಿಸುವುದು ಡೆಸಿಮೇಷನ್ ಫಿಲ್ಟರ್. ಸೋಸದೆ ದರ ಇಳಿಸಿದರೆ ಹೊಟ್ಟು ಮತ್ತೆ ಕಾಳಿಗೆ ಬಂದು ಬೀಳುತ್ತದೆ. 1,720 ಮೆಗಾವಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರವನ್ನು ಶಕ್ತಿನಗರದಲ್ಲಿ ಇಟ್ಟುಕೊಂಡ ಜಿಲ್ಲೆ ನಮ್ಮದು. ಆ ವಿದ್ಯುತ್ತನ್ನು ಅಳೆಯುವ ವಿದ್ಯೆ ನಮ್ಮ ಮಕ್ಕಳಿಗೆ ಪರಕೀಯವಾಗಬೇಕೇ?

ಉಳಿತಾಯದ ಪ್ರಮಾಣ ಎಷ್ಟೆಂಬುದನ್ನು ತೋರಿಸಲು ಒಂದು ಲೆಕ್ಕ ಮಾಡಿದ್ದೇನೆ. ಗಣಿತ ಮೇಷ್ಟರ ಚಟವೆಂದು ಕ್ಷಮಿಸಿ. ಮೊಬೈಲಿನೊಳಗಿನ ಬಹಳಷ್ಟು ಪುಟ್ಟ ಮೈಕುಗಳು ಸೆಕೆಂಡಿಗೆ 30,72,000 ಬಾರಿ ಒಂದೊಂದು ಬಿಟ್ಟಿನ ಉತ್ತರ ಕೊಡುವಂತೆ ನಡೆಸಲ್ಪಡುತ್ತವೆ. ನಮಗೆ ಬೇಕಾದದ್ದು ಸೆಕೆಂಡಿಗೆ 48,000 ಅಳತೆಗಳು. ಅರವತ್ತನಾಲ್ಕರಲ್ಲಿ ಒಂದು. 20,000 ಹರ್ಟ್ಸ್‌ವರೆಗಿನ ಧ್ವನಿಯನ್ನು ಉಳಿಸಿ 24,000ದ ಆಚೆಗಿನದನ್ನು ಹತ್ತು ಸಾವಿರದಲ್ಲೊಂದು ಪಾಲಿಗೆ ಇಳಿಸುವ ಒಂದೇ ಸಾಣಿಗೆಯನ್ನು ಕಟ್ಟಹೊರಟರೆ ಅದಕ್ಕೆ ಸುಮಾರು 4,000 ಗುಣಕಗಳು ಬೇಕಾಗುತ್ತವೆ. ಬರುವ ಪ್ರತಿಯೊಂದು ಅಳತೆಗೂ ಉತ್ತರ ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 1,200 ಕೋಟಿ ಗುಣಾಕಾರ.

ಇಲ್ಲಿ ಮೊದಲ ಜಾಣತನ: ಬಿಸಾಡಲಿರುವ ಉತ್ತರವನ್ನು ಲೆಕ್ಕ ಹಾಕಬೇಡ. ಅರವತ್ತನಾಲ್ಕರಲ್ಲಿ ಅರವತ್ತಮೂರು ಉತ್ತರಗಳನ್ನು ಎಸೆಯುವುದೇ ಆದರೆ ಅವನ್ನು ಮಾಡುವುದೇಕೆ? ಉಳಿಯುವುದನ್ನು ಮಾತ್ರ ಲೆಕ್ಕ ಹಾಕಿದರೆ 1,200 ಕೋಟಿ 19 ಕೋಟಿಗೆ ಇಳಿಯುತ್ತದೆ. ಎರಡನೆಯ ಜಾಣತನ: ಒಂದೇ ಏಟಿಗೆ ಇಳಿಸಬೇಡ, ಮೆಟ್ಟಿಲು ಮೆಟ್ಟಿಲಾಗಿ ಇಳಿ. ಮೊದಲ ಮೆಟ್ಟಿಲಿನಲ್ಲಿ ಐದು ಹಂತದ ಸಿ.ಐ.ಸಿ. ಹದಿನಾರಕ್ಕೆ ಒಂದು ಉಳಿಸಲಿ, ಗುಣಾಕಾರ ಸೊನ್ನೆ. ಎರಡನೆಯ ಮೆಟ್ಟಿಲಿನಲ್ಲಿ ಹಾಫ್-ಬ್ಯಾಂಡ್ ಎಂಬ ಫಿಲ್ಟರ್ ಎರಡಕ್ಕೆ ಒಂದು ಉಳಿಸಲಿ. ಅದರ ಗುಣಕಗಳಲ್ಲಿ, ನಟ್ಟನಡುವಿನದನ್ನು ಬಿಟ್ಟು, ಒಂದು ಬಿಟ್ಟು ಒಂದು ಸೊನ್ನೆಯೇ ಇರುತ್ತದೆ. ಕೊನೆಯ ಮೆಟ್ಟಿಲಿನಲ್ಲಿ ಮಾತ್ರ ಹರಿತವಾದ ಫಿಲ್ಟರ್ ಇರಲಿ. ಅಷ್ಟು ಹೊತ್ತಿಗೆ ಅಳತೆಗಳು ವಿರಳವಾಗಿರುವುದರಿಂದ ಅದಕ್ಕೆ ಸುಮಾರು 120 ಗುಣಕಗಳು ಸಾಕು. ಸಿ.ಐ.ಸಿ.ಯಿಂದ ಧ್ವನಿಯ ಮೇಲಂಚಿನಲ್ಲಿ ಆಗುವ ಅಲ್ಪ ಕುಸಿತವನ್ನೂ ಈ ಕೊನೆಯದೇ ಸರಿಪಡಿಸುತ್ತದೆ. ಎಲ್ಲ ಸೇರಿ ಸೆಕೆಂಡಿಗೆ ಸುಮಾರು 70 ಲಕ್ಷ ಗುಣಾಕಾರ. 1,200 ಕೋಟಿಯಿಂದ 70 ಲಕ್ಷಕ್ಕೆ! ಧ್ವನಿಯ ಗುಣದಲ್ಲಿ ಕಿವಿಗೆ ಗೊತ್ತಾಗುವ ನಷ್ಟವಿಲ್ಲ.

“ಈಗ ಚಿಪ್ಪುಗಳು ಅಗ್ಗವಾಗಿವೆ, ಇಷ್ಟೊಂದು ಜಿಪುಣತನವೇಕೆ?” ಎಂದು ಕೇಳುವವರಿದ್ದಾರೆ. ಅಗ್ಗವಾದದ್ದು ನಿಜ. ಆದರೆ ಪ್ರತಿಯೊಂದು ಗುಣಾಕಾರವೂ ಬ್ಯಾಟರಿಯಿಂದ ಒಂದು ಹನಿ ಕುಡಿಯುತ್ತದೆ. ಮೈಕು ದಿನವಿಡೀ ಎಚ್ಚರವಿರಬೇಕು, ಮೀಟರು ವರ್ಷಗಟ್ಟಲೆ ನಿಲ್ಲದೆ ನಡೆಯಬೇಕು. ಕೆಲವು ಕಡೆಗಳಲ್ಲಿ ಬರುವ ಅಳತೆಗಳ ಪ್ರವಾಹವೇ ಅಷ್ಟು ದೊಡ್ಡದು, ಅದನ್ನು ಇಳಿಸದೆ ಮುಂದೆ ಸಾಗಿಸಲು ಸಾಧ್ಯವೇ ಇಲ್ಲ.

ಇದಕ್ಕೆ ಕರ್ನಾಟಕದ್ದೇ ಆದ ಒಂದು ಹೆಮ್ಮೆಯ ಉದಾಹರಣೆಯಿದೆ. ಸರ್ ಸಿ. ವಿ. ರಾಮನ್ 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ರಾಮನ್ ಸಂಶೋಧನಾ ಸಂಸ್ಥೆಯವರು ಪಶ್ಚಿಮ ಆಸ್ಟ್ರೇಲಿಯದ ಮರುಭೂಮಿಯಲ್ಲಿರುವ ಮರ್ಚಿಸನ್ ವೈಡ್‌ಫೀಲ್ಡ್ ಅರೇ ಎಂಬ ರೇಡಿಯೋ ದೂರದರ್ಶಕಕ್ಕಾಗಿ ಡಿಜಿಟಲ್ ರಿಸೀವರುಗಳನ್ನು ರೂಪಿಸಿದರು. 2013ರಲ್ಲಿ ಕೆಲಸ ಆರಂಭಿಸಿದ ಆ ದೂರದರ್ಶಕದ ಮೊದಲ ಹಂತದಲ್ಲಿ ಆಂಟೆನಾಗಳ 128 ಗುಂಪುಗಳಿದ್ದವು. ಎಂಟು ಗುಂಪುಗಳಿಗೆ ಒಂದರಂತೆ 16 ರಿಸೀವರುಗಳು. ಒಂದೊಂದು ಸಂಕೇತವನ್ನೂ ಸೆಕೆಂಡಿಗೆ 65,53,60,000 ಬಾರಿ ಅಳೆಯಲಾಗುತ್ತಿತ್ತು. ಪಾಲಿಫೇಸ್ ಎಂಬ ಕ್ರಮದ ಫಿಲ್ಟರುಗಳ ಸಾಲು ಅದನ್ನು 1.28 ಮೆಗಾಹರ್ಟ್ಸ್ ಅಗಲದ 256 ಪಟ್ಟಿಗಳಾಗಿ ಸೀಳುತ್ತಿತ್ತು. ಅವುಗಳಲ್ಲಿ ಖಗೋಳಜ್ಞರು ಆರಿಸಿದ 24 ಪಟ್ಟಿಗಳು, ಅಂದರೆ 30.72 ಮೆಗಾಹರ್ಟ್ಸ್, ಮಾತ್ರ ಮುಂದೆ ಹೋಗುತ್ತಿದ್ದವು. ಎಲ್ಲವನ್ನೂ ಹಿಡಿದಿಡಬೇಕೆಂಬ ಹಟವಿಲ್ಲ, ಬಿಟ್ಟದ್ದು ಉಳಿದದ್ದನ್ನು ಕೆಡಿಸದಂತೆ ಎಚ್ಚರವಿದೆ. ಪಾಲಿಫೇಸ್ ಎಂದರೆ ಮೇಲೆ ಹೇಳಿದ ಮೊದಲ ಜಾಣತನವನ್ನೇ ಅಚ್ಚುಕಟ್ಟಾಗಿ ಜೋಡಿಸಿದ ಕ್ರಮ. ಒಂದು ಉದ್ದನೆಯ ಸಾಲನ್ನು ಹಲವು ಚಿಕ್ಕ ಸಾಲುಗಳಾಗಿ ಮಾಡಿ, ಒಂದೊಂದೂ ನಿಧಾನವಾಗಿ ಕೆಲಸ ಮಾಡುವಂತೆ ಮಾಡುವುದು. ಈ ವಿಷಯದ ಪ್ರಮುಖ ಗ್ರಂಥಗಳಲ್ಲೊಂದನ್ನು 1993ರಲ್ಲಿ ಬರೆದವರು ಕೋಲ್ಕತ್ತದಲ್ಲಿ ಹುಟ್ಟಿ ಓದಿ ಕ್ಯಾಲಿಫೋರ್ನಿಯದಲ್ಲಿ ಅಧ್ಯಾಪಕರಾದ ಪಿ. ಪಿ. ವೈದ್ಯನಾಥನ್.

ಈಗ ನನ್ನ ಮುಖ್ಯ ಅಭಿಪ್ರಾಯಕ್ಕೆ ಬರುತ್ತೇನೆ.

ರಾಯಚೂರಿನಲ್ಲಿ ನಿವೃತ್ತಿಯ ಬದುಕು ನಡೆಸುತ್ತಿರುವ ನನ್ನ ಮನೆಗೆ ಹಳೆಯ ವಿದ್ಯಾರ್ಥಿಗಳ ಮಕ್ಕಳು ಆಗಾಗ ಬರುತ್ತಾರೆ. ದೇವದುರ್ಗದ ಕಡೆಯ ಹಳ್ಳಿಯಿಂದ ಬಂದು ಎಲೆಕ್ಟ್ರಾನಿಕ್ಸ್ ಓದುತ್ತಿರುವ ಹುಡುಗಿಯೊಬ್ಬಳು ಹೇಳಿದ ಮಾತನ್ನು ಇಲ್ಲಿ ಬರೆಯುತ್ತೇನೆ. “ಸರ, ಎಲ್ಲಾ ಬಾಯಿಪಾಠ ಮಾಡೀನ್ರಿ. ಸೂತ್ರ ಕೇಳಿದ್ರ ಬರೀತೀನಿ. ಯಾಕ ಹಂಗ ಅಂತ ಕೇಳಿದ್ರ ಮಾತ್ರ ಬಾಯಿ ಬರಂಗಿಲ್ಲ.” ಆಕೆ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಗಣಿತದಲ್ಲಿ ನೂರಕ್ಕೆ ತೊಂಬತ್ತರ ಮೇಲೆ ಅಂಕ ಪಡೆದವಳು. ಕರೆಂಟ್ ಮೀಟರಿನ ಲೆಕ್ಕವನ್ನು ಅವಳ ಮುಂದೆ ಇಟ್ಟೆ. ಹತ್ತು ನಿಮಿಷದಲ್ಲಿ ಸಿ.ಐ.ಸಿ.ಯ ಚಿತ್ರವನ್ನು ತಾನೇ ಬರೆದು, “ಇಷ್ಟೇನ್ರಿ ಸರ?” ಎಂದಳು. ಇಷ್ಟೇ ತಾಯಿ, ಎಂದೆ. ಆ “ಇಷ್ಟೇನ್ರಿ” ಎಂಬ ಮಾತಿನಲ್ಲಿ ಸಂತೋಷಕ್ಕಿಂತ ಹೆಚ್ಚಾಗಿ ಒಂದು ಬಗೆಯ ಸಿಟ್ಟಿತ್ತು. ಇಷ್ಟು ದಿನ ತನ್ನಿಂದ ಇದನ್ನು ಬಚ್ಚಿಟ್ಟದ್ದೇಕೆ ಎಂಬ ಸಿಟ್ಟು. ಅದು ನ್ಯಾಯವಾದ ಸಿಟ್ಟೆಂದು ನನ್ನ ಭಾವನೆ.

ಯಾರೂ ಬೇಕೆಂದು ಬಚ್ಚಿಡಲಿಲ್ಲ. ಆದರೆ ಪಾಠ ಹೇಳುವ ಕ್ರಮದಲ್ಲಿಯೇ ಒಂದು ಕೆಟ್ಟ ಡೆಸಿಮೇಷನ್ ನಡೆಯುತ್ತಿದೆ. ಪಠ್ಯ ದೊಡ್ಡದು, ಸಮಯ ಕಡಿಮೆ. ಆದ್ದರಿಂದ ಅಧ್ಯಾಪಕರು ಹತ್ತರಲ್ಲಿ ಒಂದನ್ನು ಹೇಳುತ್ತಾರೆ. ಆ ಒಂದನ್ನು ಆರಿಸುವಾಗ ಸೋಸುವುದಿಲ್ಲ. ಪರೀಕ್ಷೆಗೆ ಬರುವ ಸೂತ್ರ ಉಳಿಯುತ್ತದೆ, ಅದರ ಹಿಂದಿನ ಕಾರಣ ಬಿಟ್ಟುಹೋಗುತ್ತದೆ. ಉಳಿದ ಸೂತ್ರ ವಿದ್ಯಾರ್ಥಿಯ ತಲೆಯಲ್ಲಿ ವೇಷ ಮರೆಸಿಕೊಂಡು ಮಂತ್ರವಾಗಿ ಕೂರುತ್ತದೆ. ಇದರ ಜೊತೆಗೆ ಭಾಷೆಯ ಗೋಡೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ನಗರದ ಮಗು ಬಿಟ್ಟುಹೋದದ್ದನ್ನು ಪುಸ್ತಕ ಓದಿ ತುಂಬಿಕೊಳ್ಳುತ್ತದೆ. ನಮ್ಮ ಹಳ್ಳಿಯ ಮಗುವಿಗೆ ಆ ಅವಕಾಶವೂ ಇಲ್ಲ. ಅದು ತನ್ನನ್ನು ದಡ್ಡನೆಂದೇ ತಿಳಿದುಕೊಳ್ಳುತ್ತದೆ. ವಾಸ್ತವವಾಗಿ ದಡ್ಡತನ ಅದರದ್ದಲ್ಲ.

ಎ.ಐ.ಸಿ.ಟಿ.ಇ. ಸಂಸ್ಥೆಯು 2021ರಲ್ಲಿ ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಲು ಅನುಮತಿ ನೀಡಿತು. ನಮ್ಮ ರಾಜ್ಯದಲ್ಲಿ ಅದಕ್ಕೆ ವಿದ್ಯಾರ್ಥಿಗಳು ಮುಂದೆ ಬರಲಿಲ್ಲ. ಕೆಲವರು ಇದನ್ನು ಕನ್ನಡದ ಸೋಲೆಂದು ಸಾರಿದರು. ನಾನು ಹಾಗೆ ತಿಳಿಯುವುದಿಲ್ಲ. ನೌಕರಿಯ ಮಾತು ಇಂಗ್ಲಿಷಿನಲ್ಲಿರುವಾಗ ಪದವಿಯನ್ನೇ ಕನ್ನಡದಲ್ಲಿ ಪಡೆಯಲು ತಂದೆ-ತಾಯಂದಿರು ಹೆದರಿದರೆ ತಪ್ಪೇನಿಲ್ಲ. ಆದರೆ ಪೂರ್ಣ ಕನ್ನಡ ಅಥವಾ ಪೂರ್ಣ ಇಂಗ್ಲಿಷ್ ಎಂಬ ಎರಡೇ ದಾರಿಗಳಿವೆ ಎಂದು ಹೇಳಿದವರಾರು? ಪ್ರತಿಯೊಂದು ಹೊಸ ವಿಷಯದ ಮೊದಲ ಹದಿನೈದು ನಿಮಿಷ ಕನ್ನಡದಲ್ಲಿ, ಮನೆಯ ಮತ್ತು ಹೊಲದ ಉದಾಹರಣೆಯೊಂದಿಗೆ ಹೇಳಲಿ. ಕಾರಣ ತಿಳಿದ ಮೇಲೆ ಇಂಗ್ಲಿಷ್ ಪುಸ್ತಕವನ್ನು ತೆರೆಯಲಿ. ಕಾರಣ ಗೊತ್ತಿರುವವನಿಗೆ ಭಾಷೆ ಅಡ್ಡಬರುವುದಿಲ್ಲ. ಕಾರಣ ಗೊತ್ತಿಲ್ಲದವನಿಗೆ ಯಾವ ಭಾಷೆಯೂ ನೆರವಾಗುವುದಿಲ್ಲ.

“ಕನ್ನಡದಲ್ಲಿ ಇಂತಹ ಕಠಿಣ ವಿಷಯ ಹೇಳಲು ಸಾಧ್ಯವೇ?” ಎಂದು ಕೇಳುವವರಿಗೆ ಮಾನ್ವಿಯ ಹೆಸರನ್ನೇ ಉತ್ತರವಾಗಿ ಕೊಡುತ್ತೇನೆ. ಮಾನ್ವಿಯ ಜಗನ್ನಾಥದಾಸರು ಸಂಸ್ಕೃತದ ಗ್ರಂಥಗಳಲ್ಲಿದ್ದ ದ್ವೈತ ವೇದಾಂತದ ಸೂಕ್ಷ್ಮ ವಿಚಾರಗಳನ್ನು ಹರಿಕಥಾಮೃತಸಾರದಲ್ಲಿ ಕನ್ನಡದ ಭಾಮಿನಿ ಷಟ್ಪದಿಗೆ ತಂದರು. ಸಂಸ್ಕೃತ ಬಾರದ ಗೃಹಿಣಿಯರೂ ಇಂದಿಗೂ ಅದನ್ನು ಹಾಡುತ್ತಾರೆ. ದಾಸರು ಪಾರಿಭಾಷಿಕ ಪದಗಳನ್ನು ಹಾಗೆಯೇ ಉಳಿಸಿಕೊಂಡರು, ಸುತ್ತಲಿನ ಮಾತನ್ನು ಕನ್ನಡ ಮಾಡಿದರು. ಎರಡು ಶತಮಾನಗಳಿಗೂ ಹಿಂದೆ ತಾರತಮ್ಯ, ಬಿಂಬ-ಪ್ರತಿಬಿಂಬಗಳನ್ನು ಹೊತ್ತ ಭಾಷೆಗೆ ಸ್ಯಾಂಪಲ್, ಫಿಲ್ಟರುಗಳು ಭಾರವೇ? ನಾವು ಮಾಡಬೇಕಾದದ್ದು ಅದೇ ಕೆಲಸ.

ಇದರಲ್ಲಿ ಪಣಕ್ಕಿರುವುದು ಭಾಷಾಭಿಮಾನವಷ್ಟೇ ಅಲ್ಲ. ಅಳತೆಯ ಯುಗ ನಮ್ಮ ಹೊಲದ ಬದುವಿನವರೆಗೆ ಬಂದಿದೆ. ನಾರಾಯಣಪುರ ಎಡದಂಡೆ ಕಾಲುವೆಯ ಗೇಟುಗಳಿಗೆ ದೂರದಿಂದಲೇ ನಿಯಂತ್ರಿಸುವ ಸ್ಕಾಡಾ ವ್ಯವಸ್ಥೆ ಬಂದಿದೆ. ಮನೆಗಳಿಗೆ ಸ್ಮಾರ್ಟ್ ಮೀಟರುಗಳು ಬರುತ್ತಿವೆ. ನೀರು ಎಷ್ಟು ಹರಿಯಿತು, ವಿದ್ಯುತ್ ಎಷ್ಟು ಹೊತ್ತು ಇತ್ತು, ಮಳೆ ಎಷ್ಟು ಬಿತ್ತು ಎಂಬ ಜಗಳಗಳು ಮುಂದೆ ಅಂಕಿಗಳ ಮೇಲೆಯೇ ತೀರ್ಮಾನವಾಗುತ್ತವೆ. ಕೊನೆಯ ಭಾಗದ ರೈತನ ಪರವಾಗಿ ನಿಂತು, “ಈ ಅಂಕಿಯನ್ನು ಎಷ್ಟು ಹೊತ್ತಿಗೊಮ್ಮೆ ತೆಗೆದಿರಿ? ಬಿಡುವ ಮೊದಲು ಸೋಸಿದಿರಾ?” ಎಂದು ಕೇಳಬಲ್ಲ ಒಬ್ಬ ಎಂಜಿನಿಯರು ಆ ಊರಿನಿಂದಲೇ ಬರಬೇಕು. ಆ ಪ್ರಶ್ನೆಯನ್ನು ಕೇಳಲು ಸೂತ್ರ ಬಾಯಿಪಾಠವಾಗಿದ್ದರೆ ಸಾಲದು.

ಆದ್ದರಿಂದ ಮೂರು ಸಲಹೆಗಳನ್ನು ಮುಂದಿಡುತ್ತೇನೆ. ಮೊದಲನೆಯದು ಪ್ರೌಢಶಾಲೆಯ ಗಣಿತ ಶಿಕ್ಷಕರಿಗೆ. ಕರೆಂಟ್ ಬಿಲ್ಲಿನ ಲೆಕ್ಕವನ್ನೂ ಕಾಲುವೆಯ ಗೇಜಿನ ಲೆಕ್ಕವನ್ನೂ ವರ್ಷಕ್ಕೊಮ್ಮೆಯಾದರೂ ಮಾಡಿಸಿರಿ. ಖರ್ಚು ಒಂದು ನೋಟುಪುಸ್ತಕ ಮಾತ್ರ. ಎರಡನೆಯದು ನಮ್ಮ ಜಿಲ್ಲೆಯ ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಅಧ್ಯಾಪಕರಿಗೆ. ಅಲಿಯಾಸಿಂಗ್ ಪಾಠವನ್ನು ಸೂತ್ರದಿಂದ ಆರಂಭಿಸದೆ ಗೇಜಿನ ಕಲ್ಲಿನಿಂದ ಆರಂಭಿಸಿ ನೋಡಿರಿ. ಮೂರನೆಯದು 2019ರಲ್ಲಿ ಆರಂಭವಾದ ರಾಯಚೂರಿನ ಐ.ಐ.ಐ.ಟಿ.ಗೆ. ಮೊದಲ ತರಗತಿಗಳು ಹೈದರಾಬಾದಿನ ಐ.ಐ.ಟಿ. ಆವರಣದಲ್ಲಿ ನಡೆದ ಆ ಸಂಸ್ಥೆ ಈಗ ನಮ್ಮ ನಡುವೆಯೇ ಇದೆ. ಅಲ್ಲಿನ ಕನ್ನಡ ಬಲ್ಲ ವಿದ್ಯಾರ್ಥಿಗಳು ಇಂತಹ ಹತ್ತು ವಿಷಯಗಳನ್ನು ಆರಿಸಿಕೊಂಡು, ಒಂದೊಂದಕ್ಕೆ ನಾಲ್ಕು ಪುಟದಂತೆ ನಲವತ್ತು ಪುಟದ ಕನ್ನಡ ಪುಸ್ತಿಕೆಯೊಂದನ್ನು ಸಿದ್ಧಪಡಿಸಿದರೆ ಜಿಲ್ಲೆಯ ಮಕ್ಕಳಿಗೆ ದೊಡ್ಡ ಉಪಕಾರವಾದೀತು. ಕರಡು ತಿದ್ದುವ ಕೆಲಸಕ್ಕೆ ಈ ನಿವೃತ್ತ ಮೇಷ್ಟರು ಸಿದ್ಧನಿದ್ದಾನೆ, ಸಂಭಾವನೆ ಬೇಡ.

ಎಲ್ಲವನ್ನೂ ಕಲಿಸಲು ಯಾರಿಂದಲೂ ಆಗದು. ಬಿಡುವುದು ಅನಿವಾರ್ಯ. ಏನನ್ನು ಬಿಡಬೇಕೆಂಬುದನ್ನು ತೂರಿ, ಸೋಸಿ ನಿರ್ಧರಿಸುವುದು ಮಾತ್ರ ನಮ್ಮ ಕೈಯಲ್ಲಿದೆ. ಓದುಗರು ತಮ್ಮ ಅಭಿಪ್ರಾಯಗಳನ್ನು ಬರೆದು ತಿಳಿಸಬೇಕಾಗಿ ವಿನಂತಿ. ವಿಶೇಷವಾಗಿ ಎಂಜಿನಿಯರಿಂಗ್ ಓದುತ್ತಿರುವ ನಮ್ಮ ಕಡೆಯ ಮಕ್ಕಳು, ತಮಗೆ ಅರ್ಥವಾಗದೆ ಬಾಯಿಪಾಠವಾಗಿ ಉಳಿದ ಒಂದೊಂದು ವಿಷಯದ ಹೆಸರನ್ನು ಕಳಿಸಿದರೆ ಮುಂದಿನ ಬರಹಗಳಿಗೆ ಅದೇ ಪಟ್ಟಿಯಾಗುತ್ತದೆ.